ಗೌಡರ ನಾಯಿಯ ವಾಂತಿ ಮತ್ತು ನನ್ನ ಮೂಗು

ನಾಯಿ ಪದೇ ಪದೇ ವಾಂತಿ ಮಾಡುತ್ತಿದೆ ಎಂದು ಯಾರಾದರೂ ಬಂದರೆ ಮೊದಲು ನಾಯಿಯನ್ನು ನೋಡಬೇಡಿ, ತಂದವರ ಮುಖ ನೋಡಿ ಎಂದು ನಾನು ನೌಕರಿಯುದ್ದಕ್ಕೂ ಕಿರಿಯರಿಗೆ ಹೇಳುತ್ತಾ ಬಂದೆ. ಈಗ ನಿವೃತ್ತನಾಗಿ ಕೂತು ಯೋಚಿಸಿದರೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಇನ್ನರ್ಧ ತಪ್ಪಿಗೆ ಬೆಲೆ ತೆತ್ತವನು ನಾನಲ್ಲ, ಬೇರೊಬ್ಬ. ಅದನ್ನು ಬರೆದಿಡಬೇಕು ಎಂದೇ ಇಷ್ಟು ದಿನದ ಮೇಲೆ ಪೆನ್ನು ಹಿಡಿದಿದ್ದೇನೆ. ಹೊಸದಾಗಿ ಪಶುವೈದ್ಯರಾಗಿ ಬರುವವರು ಓದಿ ನಕ್ಕರೂ ಬೇಸರವಿಲ್ಲ, ಅರ್ಧಕ್ಕೇ ಬಿಟ್ಟರೆ ಮಾತ್ರ ಬೇಸರ.

ಅನುಮಾನ ನನಗೆ ಹುಟ್ಟುಗುಣವಲ್ಲ, ಅಫಜಲಪುರದಲ್ಲಿ ಹತ್ತಿದ್ದು. ಎಪ್ಪತ್ತರ ದಶಕದ ನಡುವೆ ಅಲ್ಲಿಯೇ ನನ್ನ ಮೊದಲ ನೇಮಕ. ಆಗ ನಾಯಿ ಒಂದು ರೋಗಿ ಎಂದು ಯಾರೂ ಒಪ್ಪುತ್ತಿರಲಿಲ್ಲ. ಬಾಗಿಲ ಮುಂದೆ ಎತ್ತು, ಎಮ್ಮೆ, ಆಡುಗಳ ಸಾಲು ನಿಂತಿರುವಾಗ ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ ಸಾಲಿನವರೇ, "ಅದಕ್ಕೂ ಸರ್ಕಾರಿ ದವಾ ಬೇಕೇನೋ?" ಎಂದು ಛೇಡಿಸುತ್ತಿದ್ದರು. ನಮ್ಮ ಕಪಾಟಿನಲ್ಲಾದರೂ ನಾಯಿಗೆಂದು ಇದ್ದದ್ದೇನು? ಹೊಟ್ಟೆ ತಣಿಸುವ ಬಿಳಿ ಪುಡಿ, ಹುಳದ ಗುಳಿಗೆ, ಅದೂ ಇದ್ದರೆ ಇತ್ತು. ಇಲ್ಲದ ದಿನ ಬಾಯಿಮಾತಿನ ಔಷಧ ಹೇಳಿ ಕಳಿಸುತ್ತಿದ್ದೆವು, ಅರಿಷಿಣ ಹಚ್ಚು, ಮಜ್ಜಿಗೆ ಕುಡಿಸು, ಓಮಿನ ಕಾಳಿನ ನೀರು ಹಾಕು. ಹೇಳಿದ್ದನ್ನು ಹತ್ತು ನಿಮಿಷಕ್ಕೆ ಮರೆಯುತ್ತಿದ್ದೆವು.

ಅಲ್ಲಿಗೆ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಕಂದು ನಾಯಿಯನ್ನು ತಂದ. ನಾಲ್ಕು ದಿನದಿಂದ ತಿಂದದ್ದೆಲ್ಲ ಹೊರಗೆ ಬರುತ್ತಿದೆ. ನಾನು ಬಿಳಿ ಪುಡಿ ಕಟ್ಟಿಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದ, ನಾಯಿ ಇನ್ನಷ್ಟು ಸೊರಗಿತ್ತು. ಆ ದಿನ ನನ್ನ ಹಿರಿಯ ವೈದ್ಯರು ಆಸ್ಪತ್ರೆಯಲ್ಲಿದ್ದರು. ದಪ್ಪ ಕನ್ನಡಕದ, ಸಿಡುಕು ಮುಖದ ಮನುಷ್ಯ. ಅವರು ನಾಯಿಯನ್ನು ಮುಟ್ಟಲೇ ಇಲ್ಲ. ಒಂದು ತುಂಡು ರೊಟ್ಟಿ ತರಿಸಿ ಅದರ ಮುಂದೆ ಹಾಕಿ, ಕೈಕಟ್ಟಿ ನಿಂತರು. ನಾಯಿ ನುಂಗಿತು. ಕತ್ತು ಚಾಚಿತು. ಹೊಟ್ಟೆ ಒಂದಿಷ್ಟೂ ಹಿಂಡದೆ ರೊಟ್ಟಿ ಹಾಗೆಯೇ ಜಾರಿ ಹೊರಬಿತ್ತು.

"ಇದು ಉಲ್ಟಿ ಅಲ್ಲ" ಅಂದರು ಹಿರಿಯರು. "ಉಲ್ಟಿ ಅಂದ್ರ ಹೊಟ್ಟಿ ಹಿಂಡತದ, ಪಿತ್ತ ಬರ್ತದ. ಇದು ಒಳಗ ಇಳದೇ ಇಲ್ಲ, ವಾಪಸ್ ಬಂದದ. ಎಲುಬು ಹಾಕಿದ್ರೇನ್ರಿ ಶೇಠ್ರ?"

"ರಾಮ ರಾಮ! ನಮ್ಮ ಮನ್ಯಾಗ ಎಲುಬು ಎಲ್ಲಿಂದ ಬರಬೇಕ್ರಿ? ನಾಯಿನೂ ಶಾಕಾಹಾರಿ ಅದರಿ" ಎಂದು ವ್ಯಾಪಾರಿ ಎದೆ ಮುಟ್ಟಿಕೊಂಡ.

ಮದ್ದು ಕೊಟ್ಟು ಮಲಗಿಸಿ, ಹಿರಿಯರು ಉದ್ದನೆಯ ಚಿಮಟಿಗೆಯಿಂದ ಗಂಟಲಿನಾಳದಿಂದ ಎಳೆದದ್ದು ಹೆಬ್ಬೆಟ್ಟಿನಷ್ಟು ಮಟನ್ ಎಲುಬು. ವ್ಯಾಪಾರಿಯ ಮುಖ ಸುಣ್ಣವಾಯಿತು. ನೆರೆಮನೆಯವರದ್ದಿರಬೇಕು ಎಂದು ತಡವರಿಸಿದ. "ಇರಬಹುದು ತಗೋರಿ, ಎಲುಬಿನ ಮ್ಯಾಲ ಯಾರ ಮನಿ ಪತ್ತಾ ಬರ್ದಿರಂಗಿಲ್ಲ" ಎಂದರು ಹಿರಿಯರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಮಾಲಕ ಹೇಳಿದ್ದು ಬರ್ಕೋ, ಆದ್ರ ನಂಬಬ್ಯಾಡ" ಎಂದರು. ನಾನು ಆ ಮಾತನ್ನು ತಾಯಿತದಂತೆ ಕಟ್ಟಿಕೊಂಡುಬಿಟ್ಟೆ.

ಆಳಂದಕ್ಕೆ ವರ್ಗವಾಗಿ ಬರುವಷ್ಟರಲ್ಲಿ ಅನುಮಾನ ನನಗೆ ಚಟವಾಗಿತ್ತು. ನರೋಣಾದಿಂದ ಒಬ್ಬ ಶಾಲೆಯ ಮಾಸ್ತರರು ಬಂದು, ತಮ್ಮ ನಾಯಿ ದಿನಾ ಮುಂಜಾನೆ ತಪ್ಪದೆ ವಾಂತಿ ಮಾಡುತ್ತದೆ, ತಾವು ಹಾಕುವುದು ಒಂದೇ ಒಂದು ರೊಟ್ಟಿ ಎಂದರು. ನಾನು ನಂಬಲಿಲ್ಲ. ಮರುದಿನ ಮುಂಜಾನೆಯ ಬಸ್ಸಿಗೆ ಹೋಗಿ, ಅವರ ಓಣಿಯ ಬೇವಿನ ಮರದ ಕೆಳಗೆ ವೃತ್ತಪತ್ರಿಕೆ ಹಿಡಿದು ಕೂತೆ. ಮಾಸ್ತರರು ನಿಜ ಹೇಳಿದ್ದರು, ಒಂದೇ ರೊಟ್ಟಿ. ಆದರೆ ನಾಯಿ ಅಲ್ಲಿಂದ ಎದ್ದು ಮೂರನೇ ಮನೆಗೆ ಹೋಯಿತು. ಅಲ್ಲಿ ಅದರ ಹೆಸರು ರಾಜಾ, ಹಾಲು ರೊಟ್ಟಿ ಸಿಕ್ಕಿತು. ಅಲ್ಲಿಂದ ತಿರುವಿನಾಚೆಯ ಮನೆ, ಅಲ್ಲಿ ಹೆಸರು ಶೇರು, ನಿನ್ನೆಯ ಹುಳಿ ಅನ್ನ. ಒಂದು ನಾಯಿ, ಮೂರು ಹೆಸರು, ಮೂವರು ಮಾಲಕರು. ಮೂವರೂ ತಮ್ಮದೇ ನಾಯಿ ಎಂದು ನಂಬಿದ್ದರು. ಹೊಟ್ಟೆ ಬಿರಿಯುವಂತೆ ತಿಂದು ಅದು ಮಾಸ್ತರರ ಅಂಗಳಕ್ಕೇ ಬಂದು ಕಾರುತ್ತಿತ್ತು.

ಈ ಸುದ್ದಿ ಹಬ್ಬಿ ಜನ ನನಗೆ "ಸಿಐಡಿ ಡಾಕ್ಟರ್" ಎಂದು ಹೆಸರಿಟ್ಟರು. ಹೊರಗೆ ಮುಜುಗರ ತೋರಿಸಿದರೂ ಒಳಗೊಳಗೆ ಉಬ್ಬಿದೆ. ಆ ಉಬ್ಬಿನಲ್ಲೇ ಜೇವರ್ಗಿ ತಾಲೂಕಿಗೆ ಹೋದೆ. ಬಡ್ತಿಯ ಮೇಲೆ ಹೋದೆ ಎನ್ನುವುದು ಕಾಗದದ ಮಾತು, ನಾನು ಹೋದದ್ದು ನನ್ನ ಬುದ್ಧಿಯ ಮೇಲೆ ಅತಿಯಾದ ಭರವಸೆ ಇಟ್ಟುಕೊಂಡು.

ಈಗ ಹೇಳಬೇಕಾದ್ದು ಅಲ್ಲಿಯ ಕಥೆ. ಎಂಬತ್ತರ ದಶಕ, ಶ್ರಾವಣ ಮಾಸ. ಇಜೇರಿ ಕಡೆಯ ಒಂದು ಹಳ್ಳಿಯ ಚನ್ನಪ್ಪಗೌಡರಿಂದ ಕರೆ ಬಂತು. ದೊಡ್ಡ ಒಕ್ಕಲು, ತೊಗರಿ ಜೋಳದ ಹೊಲ. ಗೌಡರು ಮಗಳ ಹಟಕ್ಕೆ ಸೊಲ್ಲಾಪುರದಿಂದ ಒಂದು ಬಿಳಿ ಜೂಲುನಾಯಿ ತಂದಿದ್ದರು. ಹೆಸರು ಮೋತಿ, ಬೆಕ್ಕಿಗಿಂತ ತುಸು ದೊಡ್ಡದು. ಹದಿನೈದು ದಿನದಿಂದ ಬಿಟ್ಟು ಬಿಟ್ಟು ವಾಂತಿ. ನಾನು ಹೋದಾಗ ಅದು ಪಡಸಾಲೆಯ ಮೂಲೆಯಲ್ಲಿ ಒದ್ದೆ ಹತ್ತಿಯ ಉಂಡೆಯಂತೆ ಬಿದ್ದಿತ್ತು. ತುಟಿ ಎತ್ತಿ ನೋಡಿದೆ, ಒಸಡು ಬಿಳಿಚಿತ್ತು. ಗೌಡರ ತಾಯಿ ನೀಲಮ್ಮನವರು ಕಂಬಕ್ಕೊರಗಿ ಕೂತು, "ಉಚ್ಚಿ ಚಹಾದಂಗ ಬರಾಕತ್ತದ ತಮ್ಮಾ" ಎಂದರು. ತಲೆಯಾಡಿಸಿದೆ. ಕೇಳಿಸಿಕೊಂಡೆ, ಆದರೆ ಕಿವಿಯಿಂದ ಮುಂದಕ್ಕೆ ಹೋಗಲಿಲ್ಲ. ಏಕೆಂದರೆ ಅಷ್ಟರಲ್ಲಿ ನಾಯಿ ನನ್ನೆದುರೇ ಇನ್ನೊಮ್ಮೆ ವಾಂತಿ ಮಾಡಿತು, ನನ್ನ ಮೂಗಿಗೆ ಘಾಟು ಹೊಡೆಯಿತು. ಬೆಳ್ಳುಳ್ಳಿ ವಾಸನೆ.

ಹೊಲದ ಇಲಿಗೆ ಹಾಕುವ ಕಪ್ಪು ಪುಡಿ ನಮ್ಮ ಕಡೆ ಪ್ರತಿ ಒಕ್ಕಲಿಗರ ಮನೆಯಲ್ಲೂ ಇರುತ್ತದೆ. ಇಲಿ ಪಾಷಾಣ ಎನ್ನುತ್ತಾರೆ. ಅದನ್ನು ತಿಂದ ಪ್ರಾಣಿಯ ಬಾಯಿ, ವಾಂತಿ ಬೆಳ್ಳುಳ್ಳಿಯಂತೆ ನಾರುತ್ತದೆ. ಇದು ಕಾಲೇಜಿನಲ್ಲಿ ಕಲಿತ ಪಾಠ. ಆದರೂ ಸಿಐಡಿ ಅಲ್ಲವೇ ನಾನು, ಒಂದು ಪ್ರಶ್ನೆ ಕೇಳಿದೆ.

"ಗೌಡ್ರ, ನಾಯಿಗೆ ಬಳ್ಳೊಳ್ಳಿ ಹಾಕಿದ್ದೇನಾರ ತಿನಿಸಿರೇನ್ರಿ? ಚಟ್ನಿ, ಖಾರ?"

"ಏ, ಸಾಧ್ಯನೇ ಇಲ್ರಿ. ಶ್ರಾವಣ ಅದ. ನಮ್ಮವ್ವನ ನೇಮ, ಶ್ರಾವಣ ಮುಗಿಯೋ ತನಕ ಬಳ್ಳೊಳ್ಳಿ, ಉಳ್ಳಾಗಡ್ಡಿ ಹೊಸ್ತಿಲ ದಾಟಂಗಿಲ್ಲ. ಇದ್ದದ್ದು ಸೈತ ಹಂಚಿಬಿಟ್ಟೇವಿ."

ನನ್ನ ಲೆಕ್ಕ ಮುಗಿಯಿತು. ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ, ನಾಯಿಯ ಹೊಟ್ಟೆಯಲ್ಲಿ ಬೆಳ್ಳುಳ್ಳಿ ವಾಸನೆ ಇದೆ. ಹಾಗಾದರೆ ಪಾಷಾಣ. ಪಾಷಾಣದ ಡಬ್ಬಿ ಯಾರ ಕೈಯಲ್ಲಿರುತ್ತದೆ ಎಂದೆ. ಕಾಸೀಮಸಾಬನ ಕೈಯಲ್ಲಿ ಎಂದರು. ನಾಯಿಗೆ ರೊಟ್ಟಿ ಹಾಕುವವರು ಯಾರು ಎಂದೆ. ಅವನೇ, ಬೇರೆಯವರ ಕೈಯಿಂದ ಅದು ತಿನ್ನುವುದೇ ಇಲ್ಲ ಎಂದರು. ಅವನಿಗೂ ನಿಮಗೂ ಏನಾದರೂ ಮಾತು ಬಂದಿತ್ತೇ ಎಂದೆ. ಇದನ್ನು ಕೇಳುವ ಹಕ್ಕು ನನಗೆ ಯಾವ ಸರ್ಕಾರ ಕೊಟ್ಟಿತ್ತೋ ಕಾಣೆ. ಗೌಡರು ಹುಬ್ಬುಗಂಟಿಕ್ಕಿ, "ಹೋದ ತಿಂಗಳ ಊರಿಗೆ ಹೋಗ್ತೇನಿ ಅಂದಿದ್ದ, ಬಿತ್ತಗಿ ಅದ ಬ್ಯಾಡ ಅಂದಿದ್ದೆ. ಮಾರಿ ಸಣ್ಣದ ಮಾಡ್ಕೊಂಡಿದ್ದ" ಎಂದರು.

ಕಾಸೀಮಸಾಬನನ್ನು ಕರೆಸಿದರು. ಐವತ್ತರ ಆಸುಪಾಸಿನ, ತೆಳ್ಳನೆಯ ಮನುಷ್ಯ. ಆ ಮನೆಯ ಎತ್ತು, ಹೊಲ, ಕಣ ನೋಡಿಕೊಂಡು ಹದಿನೆಂಟು ವರ್ಷವಾಗಿತ್ತು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಹೆಂಡತಿಯೊಂದಿಗೆ ವಾಸ. ಆಳುಗಳು, ಅಕ್ಕಪಕ್ಕದ ಜನ ಹತ್ತು ಹನ್ನೆರಡು ಮಂದಿ ಅಂಗಳದಲ್ಲಿ ಸೇರಿದ್ದರು. ಅವರೆಲ್ಲರೆದುರು ನಾನು, "ಈ ವಾಸನಿ ಇಲಿ ಪಾಷಾಣದ್ದು. ಇದರಾಗ ಸಂಶಯನೇ ಇಲ್ಲ" ಎಂದೆ.

"ಏನಲೇ ಕಾಸೀಮ, ರೊಟ್ಟ್ಯಾಗ ಏನ್ ಹಾಕಿದಿ? ಬೊಗಳು!" ಎಂದರು ಗೌಡರು.

ಅವನು ಗೌಡರ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತ. ಅಳುವಿಲ್ಲ, ಆಣೆಯಿಲ್ಲ. ಗೌಡರು ಎರಡು ಸಲ, ಮೂರು ಸಲ ಕೇಳಿದರು. "ಪಾಷಾಣ ಹಾಕಿಲ್ರಿ ಧಣಿ" ಎಂದಷ್ಟೇ ಹೇಳಿ ಮತ್ತೆ ನನ್ನ ಮುಖ ನೋಡಿದ. ತಪ್ಪು ಮಾಡಿದವನು ತನ್ನನ್ನು ಹಿಡಿದವನ ಮುಖವನ್ನೇ ನೋಡುತ್ತಾನೆ, ಎಷ್ಟು ಗೊತ್ತಾಗಿದೆ ಎಂದು ಅಳೆಯುತ್ತಾನೆ ಎಂದು ನಾನು ಅರ್ಥ ಮಾಡಿಕೊಂಡೆ. ಹತ್ತಿರದಲ್ಲಿದ್ದ ಹಿರಿಯರೊಬ್ಬರಿಗೆ ಹಾಗೆಂದು ಪಿಸುಗುಟ್ಟಿದೆ ಕೂಡ. ಆ ದಿನವೇ ಗಂಡಹೆಂಡತಿ ಗಂಟುಮೂಟೆ ಕಟ್ಟಿದರು. ನಾನು ನಾಯಿಗೆ ಸೂಜಿ ಹಾಕಿ, ಗ್ಲುಕೋಸ್ ಕೊಟ್ಟು, ಹಾಲು ಅನ್ನ ಹೇಳಿ ಬಂದೆ.

ಇದರ ಮೇಲೆ ಇನ್ನೊಂದು ಅನ್ಯಾಯ ನಡೆಯಿತು. ಕಾಸೀಮಸಾಬ ಹೋದ ನಾಲ್ಕನೇ ದಿನಕ್ಕೆ ನಾಯಿಯ ವಾಂತಿ ನಿಂತಿತು. ತಿಂಗಳಲ್ಲಿ ಅಂಗಳದ ತುಂಬ ಓಡಾಡತೊಡಗಿತು. "ಅಂವ ಹೋದ, ನಾಯಿ ಛಲೋ ಆತು. ಇನ್ನೇನ್ ಸಾಕ್ಷಿ ಬೇಕ್ರಿ?" ಎಂದು ಗೌಡರು ಸಂತೆಯಲ್ಲಿ ಸಿಕ್ಕಾಗ ಬೆನ್ನು ತಟ್ಟಿದರು. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಕೀರ್ತಿ ಬೆಳೆಯಿತು. ಜೊತೆಗೇ ಕಾಸೀಮಸಾಬನ ಹೆಸರೂ ಹಬ್ಬಿತು. ಮೂಕಪ್ರಾಣಿಗೆ ವಿಷ ಹಾಕಿದವನನ್ನು ಯಾರು ತಮ್ಮ ಕೊಟ್ಟಿಗೆಗೆ ಸೇರಿಸುತ್ತಾರೆ? ಆ ಭಾಗದಲ್ಲಿ ಅವನಿಗೆ ಒಂದು ಎತ್ತಿನ ಹಗ್ಗ ಹಿಡಿಯುವ ಕೆಲಸವೂ ಸಿಗಲಿಲ್ಲವಂತೆ. ನನಗೆ ಅದು ತಿಳಿದಿತ್ತು. ಆಗಬೇಕಾದ್ದೇ ಎಂದುಕೊಂಡೆ.

ಚಳಿ ಶುರುವಾದ ಮೇಲೆ ಜಿಲ್ಲೆಯಿಂದ ನಮ್ಮ ಮೇಲಧಿಕಾರಿ ತಪಾಸಣೆಗೆ ಬಂದರು. ಮಿತಭಾಷಿ, ರಜಿಸ್ಟರಿನ ಒಂದು ಸಾಲನ್ನೂ ಬಿಡದೆ ಓದುವ ಮನುಷ್ಯ. ಅವರ ಬೆರಳು ಗೌಡರ ನಾಯಿಯ ಸಾಲಿನ ಮೇಲೆ ನಿಂತಿತು. ನಾನು ಹೊಗಳಿಕೆ ಬರುತ್ತದೆ ಎಂದು ಕಾಯುತ್ತಿದ್ದೆ.

"ಪಾಷಾಣ ಅಂತ ಬರ್ದೀಯಲ್ಲ, ವಾಂತಿ ಲ್ಯಾಬಿಗೆ ಕಳಿಸಿದ್ಯಾ?"

"ಇಲ್ರಿ ಸರ್. ವಾಸನಿ ಸ್ಪಷ್ಟ ಇತ್ತು."

"ಎಷ್ಟು ದಿನದ್ದು ವಾಂತಿ?"

"ಹದಿನೈದು ದಿನದ್ದು."

ಅವರು ಕನ್ನಡಕ ತೆಗೆದರು. "ಅಷ್ಟು ಸಣ್ಣ ನಾಯಿ ಪಾಷಾಣ ತಿಂದು ಹದಿನೈದು ದಿನ ವಾಂತಿ ಮಾಡ್ಕೋತ ಕೂಡ್ತದೇನು? ಒಂದೆರಡು ದಿನದಾಗ ಮುಗೀತಿತ್ತು. ಒಸಡು ಹ್ಯಾಂಗಿತ್ತು?"

"ಬಿಳಿ."

"ಉಚ್ಚಿ?"

"ಚಹಾದ ಬಣ್ಣ" ಎಂದೆ. ಹೇಳುವಾಗ ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

"ಹಂಗಾದ್ರ ಅದು ಬಳ್ಳೊಳ್ಳಿ ವಾಸನಿನೇ. ದಿನಾ ತಿಂದ್ರ ನಾಯಿಯ ರಕ್ತ ಒಡೀತದ, ಹೊಟ್ಟಿ ಕೆಡ್ತದ. ಯಾರೋ ತಿನಿಸ್ಯಾರ."

"ಆ ಮನ್ಯಾಗ ಶ್ರಾವಣದಾಗ ಬಳ್ಳೊಳ್ಳಿ ತರಂಗಿಲ್ರಿ ಸರ್" ಎಂದೆ.

ಅವರು ರಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಒಂದು ಕಡೆ ನಿಲ್ಲಿಸಿ ನನ್ನ ಕಡೆ ತಳ್ಳಿದರು. "ಇದೇ ನಾಯಿ ಏನು?" ಎಂದರು.

ಶ್ರಾವಣಕ್ಕೆ ಕೆಲವು ದಿನ ಮುಂಚಿನ ಒಂದು ಸಂತೆಯ ದಿನ. ನನ್ನದೇ ಅಕ್ಷರ. ಚನ್ನಪ್ಪಗೌಡರ ನಾಯಿ, ಹೊಟ್ಟೆಹುಳ, ಪ್ರಾಣಿ ತಂದಿಲ್ಲ, ಬಂದವರು ಕಾಸೀಮಸಾಬ, ಗುಳಿಗೆ ದಾಸ್ತಾನು ಇಲ್ಲ. ಅಷ್ಟೇ. ಆದರೆ ಬರೆಯದೇ ಇದ್ದದ್ದೆಲ್ಲ ಆ ಕ್ಷಣ ನೆನಪಾಯಿತು. ಸಂತೆಯ ಗದ್ದಲ, ಬಾಗಿಲ ತನಕ ಎಮ್ಮೆಗಳು. ಒಬ್ಬ ಆಳು ಮೇಜಿನ ಮುಂದೆ ನಿಂತು, ನಾಯಿಯ ಮಲದಲ್ಲಿ ಹುಳ ಬೀಳುತ್ತಿವೆ ಎಂದಿದ್ದ. ನಾನು ತಲೆ ಎತ್ತಿರಲಿಲ್ಲ. "ಗುಳಿಗಿ ಇಲ್ಲ. ಬಳ್ಳೊಳ್ಳಿ ಜಜ್ಜಿ ರೊಟ್ಟ್ಯಾಗ ಇಟ್ಟು ತಿನಸು" ಎಂದಿದ್ದೆ. "ಎಷ್ಟು ದಿನ್ರಿ?" ಎಂದಿದ್ದ. "ಹುಳ ಬೀಳೋದು ನಿಲ್ಲೋ ತನಕ" ಎಂದಿದ್ದೆ. ಎಷ್ಟು ಎಸಳು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೇಲಧಿಕಾರಿ ನನ್ನನ್ನು ಬೈಯಲಿಲ್ಲ. ರಜಿಸ್ಟರು ಮುಚ್ಚಿ, "ಆ ಮನುಷ್ಯ ಈಗ ಎಲ್ಲಿದಾನ?" ಎಂದರು. ಗೊತ್ತಿಲ್ಲ ಎಂದೆ.

ವಿಚಾರಿಸಿದಾಗ ಅವನು ಭೂಸನೂರ ಕಡೆ ಕಬ್ಬು ಕಡಿಯುವವರ ಜೊತೆ ಇದ್ದಾನೆ ಎಂದು ತಿಳಿಯಿತು. ರಜೆ ಹಾಕಿ ಹೋದೆ. ಫಡದಲ್ಲಿ, ಅಂದರೆ ಕಟಾವಿನ ಗದ್ದೆಯಲ್ಲಿ, ಗಂಡ ಕಬ್ಬು ಕಡಿಯುತ್ತಿದ್ದ, ಹೆಂಡತಿ ಹೊರೆ ಕಟ್ಟುತ್ತಿದ್ದಳು. ಕೈಯೆಲ್ಲ ಕಬ್ಬಿನ ಗರಿಯ ಗೀರು. ನನ್ನನ್ನು ಕಂಡು ಅವನು ಕೊಯ್ತದ ಕತ್ತಿ ಕೆಳಗಿಟ್ಟು ಹತ್ತಿರ ಬಂದ. ಅವನು ಕೇಳಿದ ಮೊದಲ ಮಾತು, "ಮೋತಿ ಹ್ಯಾಂಗದರಿ ಸಾಹೇಬ್ರ?"

"ಛಲೋ ಅದ" ಎಂದೆ. ಆಮೇಲೆ ಸುತ್ತಿ ಬಳಸದೆ ಕೇಳಿದೆ. "ಬಳ್ಳೊಳ್ಳಿ ಹಾಕು ಅಂತ ನಾನೇ ಹೇಳಿದ್ದೆ. ಅವತ್ತು ಅಂಗಳದಾಗ ಯಾಕ ಬಾಯಿ ಬಿಡ್ಲಿಲ್ಲ ನೀನು?"

"ಏನಂತ ಬಿಡ್ಲಿರಿ? ಅಮ್ಮಾರ ನೇಮ ಮುರದು ಬಳ್ಳೊಳ್ಳಿ ಒಳಗ ತಂದಿದ್ದೆ, ಕೊಟ್ಟಗ್ಯಾಗ ಕುಂತು ಕದ್ದು ಜಜ್ಜಿದ್ದೆ. ಅದು ನನ್ನ ತಪ್ಪು. ಮ್ಯಾಲ ನೀವೇ ಪಾಷಾಣ ಅಂದುಬಿಟ್ರಿ. ಡಾಕ್ಟರ್ ಸಾಹೇಬ್ರೇ ಹೇಳ್ಯಾರ ಅಂತ ನಾ ಅಂದ್ರ, ಅಷ್ಟು ಮಂದ್ಯಾಗ ನಿಮ್ಮ ಇಜ್ಜತ್ತು ಹೋಗ್ತಿತ್ತು." ಅವನು ಕೈಯ ಗೀರು ಒರೆಸಿಕೊಂಡ. "ನಿಮ್ಮ ಮಾರಿನೇ ನೋಡ್ಕೋತ ನಿಂತಿದ್ದೆ. ಈಗ ನೆನಪಾಗ್ತದ, ಈಗ ಹೇಳ್ತಾರ ಅಂತ."

ನಾನು ಆ ನೋಟಕ್ಕೆ ಕಟ್ಟಿದ್ದ ಅರ್ಥ ನಿಮಗೆ ಗೊತ್ತಿದೆ. ನನ್ನಿಂದ ತಪ್ಪಾಯಿತು ಕಾಸೀಮ ಎಂದೆ. ಅವನ ಹೆಂಡತಿ ಹೊರೆಯ ಹಿಂದಿನಿಂದ ಮುಂದೆ ಬಂದಳು. "ಇಲ್ಲಿ ಕಬ್ಬಿಗೆ ಯಾಕ ಹೇಳ್ತೀರಿ? ಎಲ್ಲಿ ಅಂದಿದ್ರೋ ಅಲ್ಲಿ ಹೋಗಿ ಹೇಳ್ರಿ" ಎಂದಳು. ಅವನು ಅವಳನ್ನು ಗದರಿಸಲಿಲ್ಲ.

ಅದೇ ವಾರ ಗೌಡರ ಅಂಗಳಕ್ಕೆ ಹೋದೆ. ಅಂದು ಇದ್ದವರನ್ನೆಲ್ಲ ಕರೆಸಿ ಎಂದು ಕೇಳಿಕೊಂಡೆ. ಪೂರ್ತಿ ಜನ ಸೇರಲಿಲ್ಲ, ಆರೇಳು ಮಂದಿ ಬಂದರು. ರಜಿಸ್ಟರು ಜೊತೆಗೇ ಒಯ್ದಿದ್ದೆ. ಸಾಲು ಓದಿ, ಉಳಿದದ್ದನ್ನು ಬಾಯಿಂದ ಹೇಳಿದೆ. ಗೌಡರು ರಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲು ನೋಡಿದರು. "ಅಂದ್ರ ನನ್ನ ನಾಯಿಗೆ ಹಾಕ್ಸಿದ್ದು ನೀವು. ನಾ ಹೊರಗ ಹಾಕಿದ್ದು ಅವನ್ನ" ಎಂದರು. ಹೌದ್ರಿ ಎಂದೆ. ನೀಲಮ್ಮನವರು ಕಂಬದ ಬುಡದಿಂದ, "ನೇಮ ನಂದು. ನಾಯಿ ಸಲುವಾಗಿ ಮುರೀತೇನಿ ಅಂತ ನನಗ ಹೇಳಿದ್ರ, ಹೂಂ ಅಂತಿದ್ದೆ. ಇಷ್ಟು ಮಂದಿ ಇದ್ದೀರಿ, ಒಬ್ಬರಾರ ಅವನ್ನ ಕುಂದರಿಸಿ ಕೇಳಿದ್ರೇನು?" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಗಾಡಿ ಕಟ್ಟು" ಎಂದರು.

ಕಾಸೀಮಸಾಬ ತಕ್ಷಣ ಬರಲಿಲ್ಲ. ಕಬ್ಬಿನ ಕೆಲಸ ಒಪ್ಪಿಕೊಂಡದ್ದು ಮುಗಿಸಿಯೇ, ಯುಗಾದಿ ಹೊತ್ತಿಗೆ ಬಂದ. ಹಳೆಯ ಕೋಣೆ, ಹಳೆಯ ಎತ್ತು ಸಿಕ್ಕವು. ಮೋತಿಗೆ ಮಾತ್ರ ತನ್ನ ಕೈಯಿಂದ ರೊಟ್ಟಿ ಹಾಕಲು ಒಪ್ಪಲಿಲ್ಲವಂತೆ. ಅದು ಅವನ ಕಾಲಿಗೆ ಸುತ್ತಿಕೊಂಡು ಕುಂಯ್ ಎಂದರೂ, "ಗೌಡಸಾನಿ ಹಾಕ್ತಾರ ಹೋಗು" ಎನ್ನುತ್ತಿದ್ದನಂತೆ.

ಆಮೇಲೆ ಕಾಲ ಬದಲಾಯಿತು. ಮರಿಗಳಿಗೆ ರಕ್ತವಾಂತಿಯ ಹೊಸ ರೋಗ ಬಂತು, ಅದಕ್ಕೆ ಲಸಿಕೆಯೂ ಬಂತು. ವಾಂತಿ ನಿಲ್ಲಿಸುವ ಸೂಜಿ, ಸಲಾಯಿನ್ ಬಾಟಲಿ ಹಳ್ಳಿಯ ತನಕ ಬಂದವು. ಈಗಿನವರು ರಕ್ತ ಪರೀಕ್ಷೆ ಮಾಡಿಸಿ ಅರ್ಧ ದಿನದಲ್ಲಿ ಹೇಳುತ್ತೀರಿ, ಒಳ್ಳೆಯದು. ಆದರೆ ವಾಂತಿ ಯಾವಾಗಿನಿಂದ, ತಿಂದ ಎಷ್ಟು ಹೊತ್ತಿಗೆ, ಬಣ್ಣ ಏನು, ಒಸಡು ಹೇಗಿದೆ, ಉಚ್ಚೆ ಹೇಗಿದೆ ಎಂದು ಕೇಳಿದ ಮೇಲೆ ಇನ್ನೂ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಇದಕ್ಕೆ ಮುಂಚೆ ಏನು ಕೊಡಲು ಯಾರು ಹೇಳಿದ್ದರು ಎಂದು ಕೇಳಿ. ಹೇಳಿದವರು ನೀವೇ ಆಗಿರಬಹುದು.

ಜೇವರ್ಗಿಯಿಂದ ನನಗೆ ವರ್ಗವಾಗುವ ಮುಂಚಿನ ಮಳೆಗಾಲದಲ್ಲಿ ಕಾಸೀಮಸಾಬ ಒಂದು ಆಡು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಹೊಟ್ಟೆ ಉಬ್ಬರ. ನಾನು ತಲೆ ಎತ್ತಿ ಅವನ ಮುಖ ನೋಡಿಯೇ ಮಾತಾಡಿದೆ. ನೋಡಿ, ಮುಟ್ಟಿ, ಎಣ್ಣೆ ಎಷ್ಟು, ಎಷ್ಟು ಸಲ ಎಂದು ಹೇಳಿದೆ. ಅವನು ಕೇಳಿಸಿಕೊಂಡು ಅಲ್ಲೇ ನಿಂತ.

"ಬರ್ದು ಕೊಡ್ರಿ ಸಾಹೇಬ್ರ" ಎಂದ.

"ನಿನಗ ಓದಾಕ ಬರ್ತದೇನು?"

"ಬರಂಗಿಲ್ರಿ. ಸಹಿ ಹಾಕಿ ಕೊಡ್ರಿ."

ಆಡು ಯಾರದು, ರೋಗ ಏನು, ಔಷಧ ಎಷ್ಟು, ಎಷ್ಟು ದಿನ, ಎಲ್ಲ ಬರೆದು ಸಹಿ ಹಾಕಿದೆ. ಅವನು ಎರಡೂ ಕೈಯಿಂದ ತೆಗೆದುಕೊಂಡು ಸಲಾಮು ಮಾಡಿ ಹೊರಗೆ ಹೋದ. ಬಾಗಿಲಾಚೆ ನಮ್ಮ ಕಾಂಪೌಂಡರಿಗೆ ಆ ಚೀಟಿ ಕೊಟ್ಟು, "ಜೋರಾಗಿ ಓದ್ರಿ, ಸಾಹೇಬ್ರು ಹೇಳಿದ್ದೇ ಬರ್ದಾರೋ ಇಲ್ಲೋ ನೋಡ್ತೇನಿ" ಎಂದ. ಕಾಂಪೌಂಡರು ಓದತೊಡಗಿದರು. ಒಳಗೆ ಮುಂದಿನ ಎಮ್ಮೆ ಬಂದು ನಿಂತಿತ್ತು. ಕಾಂಪೌಂಡರು ಕೊನೆಯ ಸಾಲು ಓದಿ ಮುಗಿಸುವ ತನಕ ನಾನು ಅದನ್ನು ಮುಟ್ಟಲಿಲ್ಲ.